‘ಅಲ್ಲವೆ?’ ಎಂದು ಕೇಳುವವರಿಗೆ

ಕೆಲವು ವರ್ಷಗಳ ಹಿಂದೆ ಒಂದು ಸಮಾರಂಭದಲ್ಲಿ ನಮ್ಮ ತಾಳವಾಡಿ ಬೆಟ್ಟದ ಹುಡುಗನೊಬ್ಬ ಹೊರಗಿನಿಂದ ಬಂದಿದ್ದ ಅತಿಥಿಯನ್ನು ಇಂಗ್ಲಿಷಿನಲ್ಲಿ ಸ್ವಾಗತಿಸುತ್ತ, ‘ಯು ಆರ್ ಕಮಿಂಗ್ ಫ್ರಮ್ ಬೆಂಗಳೂರು, ಇಸಂಟ್ ಇಟ್?’ ಎಂದು ಕೇಳಿದ. ಅತಿಥಿಗಳು ನಕ್ಕರು. ಮೈಕಿನ ಮುಂದೆಯೇ ಅವನ ಬೆನ್ನು ತಟ್ಟಿ, ‘ಆರಂಟ್ ಯು ಅನ್ನಬೇಕಪ್ಪಾ. ನಿಮ್ಮ ಕಡೆ ಇದನ್ನೆಲ್ಲ ಹೇಳಿಕೊಡುವವರಿಲ್ಲ, ಅಲ್ಲವೆ?’ ಎಂದರು. ಸಭೆಯೂ ನಕ್ಕಿತು. ಹುಡುಗ ತಲೆಯಾಡಿಸಿದ. ಅವನಿಗೆ ಇಂಗ್ಲಿಷ್ ಹೇಳಿಕೊಟ್ಟವರಲ್ಲಿ ನಾನೂ ಒಬ್ಬನಾಗಿದ್ದುದರಿಂದ ಆ ನಗೆಯಲ್ಲಿ ನನ್ನ ಪಾಲೂ ಇತ್ತು. ಈ ಸಂಚಿಕೆಯ ಪುಟಗಳಲ್ಲಿ ಅದಕ್ಕೆ ಉತ್ತರ ಕೊಡಲು ಸಂಪಾದಕರು ಅವಕಾಶ ಮಾಡಿಕೊಟ್ಟಿದ್ದಾರೆ.

ಆ ವೇದಿಕೆಯಲ್ಲಿ ಕೇಳಿಬಂದ ಬಾಲದ ಪ್ರಶ್ನೆಗಳು ಎರಡು. ಹುಡುಗನದು ವ್ಯಾಕರಣ ತಪ್ಪಿದ ಪ್ರಶ್ನೆ. ಆದರೆ ಅದು ಪ್ರಶ್ನೆಯಾಗಿತ್ತು. ಅತಿಥಿಗಳು ‘ಇಲ್ಲಪ್ಪಾ, ನಾನು ಮೈಸೂರಿನಿಂದ ಬಂದೆ’ ಎಂದು ಹೇಳಬಹುದಾಗಿತ್ತು. ಅತಿಥಿಗಳದು ಶುದ್ಧ ಕನ್ನಡದ ಪ್ರಶ್ನೆ. ಆದರೆ ಅದು ಪ್ರಶ್ನೆಯಾಗಿರಲಿಲ್ಲ. ಆ ಹುಡುಗ ‘ಇಲ್ಲ ಸ್ವಾಮಿ, ಹೇಳಿಕೊಡುವವರಿದ್ದಾರೆ’ ಎಂದು ಹೇಳುವಂತಿತ್ತೆ? ನಾವು ಯಾವುದನ್ನು ತಿದ್ದುತ್ತೇವೆ, ಯಾವುದಕ್ಕೆ ಚಪ್ಪಾಳೆ ತಟ್ಟುತ್ತೇವೆ ಎಂಬುದನ್ನು ಕೇಳಿಕೊಳ್ಳುವುದೇ ಈ ಬರಹದ ಉದ್ದೇಶ.

ಮಾತಿನ ಕೊನೆಯಲ್ಲಿ ಅಂಟಿಕೊಳ್ಳುವ ಇಂಥ ಪ್ರಶ್ನೆಗೆ ಇಂಗ್ಲಿಷಿನವರು ‘ಕ್ವೆಶ್ಚನ್ ಟ್ಯಾಗ್’ ಎನ್ನುತ್ತಾರೆ. ಇಲ್ಲಿ ಅದನ್ನು ಬಾಲಪ್ರಶ್ನೆ ಎಂದು ಕರೆಯೋಣ. ಶಾಲೆಯಲ್ಲಿ ಇದರ ಪಾಠ ಒಂದು ಲೆಕ್ಕದಂತೆ ನಡೆಯುತ್ತದೆ. ಹೇಳಿಕೆ ಧನಾತ್ಮಕವಾಗಿದ್ದರೆ ಬಾಲ ಋಣಾತ್ಮಕ, ಹೇಳಿಕೆ ಋಣಾತ್ಮಕವಾಗಿದ್ದರೆ ಬಾಲ ಧನಾತ್ಮಕ. ‘ಹಿ ಈಸ್’ ಎಂದರೆ ‘ಇಸಂಟ್ ಹಿ’, ‘ದೇ ಡಿಡಂಟ್’ ಎಂದರೆ ‘ಡಿಡ್ ದೇ’. ಈ ಕೋಷ್ಟಕವನ್ನು ನಾನೂ ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ತಪ್ಪು ಬರೆದವರ ಅಂಕ ಕಳೆದಿದ್ದೇನೆ. ಆದರೆ ಆ ಬಾಲವನ್ನು ಆಡುವವನು ಏನನ್ನು ಬೇಡುತ್ತಿದ್ದಾನೆ ಎಂದು ಒಂದು ದಿನವಾದರೂ ತರಗತಿಯಲ್ಲಿ ಕೇಳಲಿಲ್ಲ. ಪರೀಕ್ಷೆಯಲ್ಲಿ ಅದನ್ನು ಕೇಳುವುದಿಲ್ಲವಲ್ಲ!

ಆ ಕೋಷ್ಟಕ ಹೇಳದ ಒಂದು ಸಂಗತಿಯಿದೆ. ಇಂಗ್ಲಿಷ್ ಬಾಲಪ್ರಶ್ನೆಯ ಅರ್ಥ ಅದರ ಪದಗಳಲ್ಲಿರುವುದಕ್ಕಿಂತ ಅದರ ರಾಗದಲ್ಲಿದೆ. ‘ಯು ಲಾಕ್ಡ್ ದ ಡೋರ್, ಡಿಡಂಟ್ ಯು?’ ಎಂಬಲ್ಲಿ ಕೊನೆಯ ಧ್ವನಿ ಏರಿದರೆ ಆಡಿದವನಿಗೆ ನಿಜವಾಗಿಯೂ ಸಂದೇಹವಿದೆ. ಬಾಗಿಲು ಹಾಕಿದೆಯೋ ಇಲ್ಲವೋ ಎಂದು ಕೇಳುತ್ತಿದ್ದಾನೆ. ಅದೇ ಧ್ವನಿ ಇಳಿದರೆ ಅವನಿಗೆ ಸಂದೇಹವಿಲ್ಲ, ಒಪ್ಪಿಕೋ ಎನ್ನುತ್ತಿದ್ದಾನೆ. ಪದಗಳು ಅವೇ, ಪ್ರಶ್ನಾರ್ಥಕ ಚಿಹ್ನೆಯೂ ಅದೇ. ಕಾಗದದ ಮೇಲೆ ಎರಡನ್ನೂ ಬೇರ್ಪಡಿಸಲಾಗದು. ಇನ್ನೂ ಮುಂದೆ ಹೋದರೆ, ಕೇಳುವವನಿಗೆ ತಿಳಿದಿರಲು ಸಾಧ್ಯವೇ ಇಲ್ಲದ ಸಂಗತಿಗೂ ಇಂಗ್ಲೆಂಡಿನ ಆಡುಮಾತಿನಲ್ಲಿ ಬಾಲ ಸೇರಿಸುತ್ತಾರೆ. ದೂರವಾಣಿ ಏಕೆ ಎತ್ತಲಿಲ್ಲ ಎಂದು ಕೇಳಿದರೆ, ‘ಐ ವಾಸ್ ಇನ್ ದ ಬಾತ್, ವಾಸಂಟ್ ಐ?’ ಎಂಬ ಉತ್ತರ ಬರುತ್ತದೆ. ನೀನು ಸ್ನಾನದಲ್ಲಿದ್ದೆಯೋ ಇಲ್ಲವೋ ಎಂದು ನಾನು ಹೇಗೆ ಹೇಳಲಿ? ಅಲ್ಲಿ ಪ್ರಶ್ನೆಯೇ ಇಲ್ಲ. ಇಷ್ಟೂ ತಿಳಿಯದೆ ಕೇಳಿದೆಯಲ್ಲ ಎಂಬ ಸಿಡುಕು ಮಾತ್ರ ಇದೆ. ಕನ್ನಡ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ‘ಹೊಲದಲ್ಲಿದ್ದೆನಲ್ಲ’, ‘ಆಗಲೇ ಹೇಳಿದೆನಲ್ಲ’ ಎಂದು ಅದೇ ‘ಅಲ್ಲ’ವನ್ನು ಕ್ರಿಯಾಪದಕ್ಕೇ ಬೆಸೆದು, ಪ್ರಶ್ನೆಯ ವೇಷವನ್ನು ಕಳಚಿಬಿಡುತ್ತದೆ.

ಇನ್ನು ಹುಡುಗನ ‘ಇಸಂಟ್ ಇಟ್’. ಕರ್ತೃ ಯಾರೇ ಇರಲಿ, ಕಾಲ ಯಾವುದೇ ಇರಲಿ, ಒಂದೇ ಬಾಲವನ್ನು ಅಂಟಿಸುವುದು ಭಾರತೀಯರ ಅಜ್ಞಾನವೆಂದು ನಗುವವರು ಸ್ವಲ್ಪ ಸುತ್ತ ನೋಡಬೇಕು. ಫ್ರೆಂಚರು ‘ನೆಸ್ ಪಾ’ ಎಂಬ ಒಂದೇ ಬಾಲದಲ್ಲಿ ಬಾಳುತ್ತಾರೆ. ಜರ್ಮನರಿಗೆ ‘ನಿಶ್ಟ್ ವಾರ್’ ಸಾಕು. ಲಂಡನ್ನಿನ ಬೀದಿಯ ಹುಡುಗರು ‘ಇಸಂಟ್ ಇಟ್’ ಅನ್ನು ‘ಇನ್ನಿಟ್’ ಎಂದು ಕುಗ್ಗಿಸಿ ಎಲ್ಲ ವಾಕ್ಯಗಳಿಗೂ ಹಚ್ಚುತ್ತಾರೆ; ಅಲ್ಲಿಯ ಮೇಷ್ಟ್ರುಗಳೂ ನನ್ನಂತೆಯೇ ಹಣೆ ಗಟ್ಟಿಸಿಕೊಳ್ಳುತ್ತಾರೆ. ಇತ್ತೀಚೆಗೆ ಎಲ್ಲ ಖಂಡಗಳಲ್ಲೂ ‘ರೈಟ್?’ ಎಂಬುದು ಹಬ್ಬಿದೆ. ಮಾತಿನ ಮಧ್ಯೆ ಮೂರು ಸಲ ‘ರೈಟ್?’ ಎನ್ನುವವರು ಉತ್ತರಕ್ಕಾಗಿ ಒಮ್ಮೆಯೂ ನಿಲ್ಲುವುದಿಲ್ಲ. ಕನ್ನಡದ ‘ಅಲ್ಲವೆ’ಯೂ ತಮಿಳಿನ ‘ಇಲ್ಲೆಯಾ’ವೂ ಹೀಗೆ ಬದಲಾಗದ ಬಾಲಗಳೇ. ನಮ್ಮ ಹುಡುಗ ಇಂಗ್ಲಿಷಿನ ಸಹಾಯಕ ಕ್ರಿಯಾಪದಗಳಲ್ಲಿ ಎಡವಿದ್ದು ನಿಜ. ಆದರೆ ಅವನು ತನ್ನ ತಾಯಿಯಿಂದ ಕಲಿತ ವಿನಯವನ್ನು ಪರಭಾಷೆಯಲ್ಲೂ ಬಿಟ್ಟಿರಲಿಲ್ಲ. ಪರೀಕ್ಷೆಯಲ್ಲಿ ಅಂಕ ಕಳೆಯೋಣ. ವೇದಿಕೆಯಲ್ಲಿ ಮಾನ ಕಳೆಯುವುದು ಬೇಡ.

ಕನ್ನಡದ ಬಾಲಗಳೂ ಒಂದೇ ಜಾತಿಯವಲ್ಲ. ‘ಅಲ್ಲವೆ’, ಆಡುಮಾತಿನ ‘ಅಲ್ವಾ’, ನನಗೆ ಕಂಡದ್ದಕ್ಕೆ ನಿಮ್ಮ ಸಾಕ್ಷ್ಯ ಕೇಳುವ ಮಾತು. ‘ತಾನೆ’ ಎಂಬುದರಲ್ಲಿ ಒತ್ತಾಯವಿದೆ, ಆತಂಕವೂ ಇದೆ. ಈರೋಡಿನ ಹಾಸ್ಟೆಲಿನಲ್ಲಿರುವ ಮಗಳಿಗೆ ತಾಯಿ ರಾತ್ರಿ ಫೋನು ಮಾಡಿ ‘ಉಂಡೆ ತಾನೆ?’ ಎಂದು ಕೇಳಿದರೆ, ಹೌದೆಂಬ ಉತ್ತರವಿಲ್ಲದೆ ಆಕೆಗೆ ನಿದ್ರೆ ಬಾರದು. ಅದೇ ‘ತಾನೆ’ಯನ್ನು ಮೇಜಿನ ಹಿಂದೆ ಕುಳಿತವರು ‘ಎಲ್ಲ ಕಾಗದ ತಂದಿದ್ದೀರಿ ತಾನೆ?’ ಎಂದು ಆಡಿದರೆ, ತರದವನ ಗಂಟಲು ಒಣಗುತ್ತದೆ. ‘ನಾಳೆ ಬನ್ನಿ, ಆಯ್ತಾ?’ ಎಂಬಲ್ಲಿ ‘ಆಯ್ತಾ’ ಅಪ್ಪಣೆಯ ಮೇಲೆ ಒತ್ತಿದ ಮೊಹರು. ‘ಎಷ್ಟು ಕಷ್ಟಪಟ್ಟೆ ಗೊತ್ತಾ?’ ಎಂಬುದಕ್ಕೆ ‘ಗೊತ್ತಿಲ್ಲ’ ಎಂದು ಉತ್ತರಿಸಿದವನು ಮೂರ್ಖ. ಇವುಗಳ ನಡುವೆ ಬಾಗಿಲು ನಿಜವಾಗಿಯೂ ತೆರೆದಿಡುವ ಮಾತೂ ಇದೆ: ‘ಏನಂತೀರಿ?’. ಅದನ್ನು ಕೇಳಿದವರು ಸಾಮಾನ್ಯವಾಗಿ ಕಾಯುತ್ತಾರೆ.

ಒಂದೇ ಒಂದು ಅಕ್ಷರ ಎಷ್ಟನ್ನು ಬದಲಿಸುತ್ತದೆ ನೋಡಿ. ‘ಸಭೆಗೆ ಬರುತ್ತೀರಾ, ಇಲ್ಲವಾ?’ ಎಂದರೆ ಎರಡು ದಾರಿಗಳಿವೆ. ದನಿ ಒರಟಾಗಿರಬಹುದು, ಆದರೆ ಎರಡೂ ದಾರಿ ತೆರೆದಿವೆ. ‘ಸಭೆಗೆ ಬರುತ್ತೀರಿ, ಅಲ್ಲವಾ?’ ಎಂದರೆ ದನಿ ಸಕ್ಕರೆ, ದಾರಿ ಒಂದೇ. ಇರುವಿಕೆಯನ್ನು ನಿರಾಕರಿಸುವ ‘ಇಲ್ಲ’ ಮತ್ತು ಹೌದೆಂಬುದನ್ನು ನಿರಾಕರಿಸುವ ‘ಅಲ್ಲ’ ಇವೆರಡರ ಭೇದವನ್ನು ಕನ್ನಡದ ಆಡುಮಾತು ಇಂದಿಗೂ ಉಳಿಸಿಕೊಂಡಿದೆ. ತಮಿಳಿನ ಆಡುಮಾತಿನಲ್ಲಿ ಎರಡು ಕೆಲಸವನ್ನೂ ಬಹುಮಟ್ಟಿಗೆ ‘ಇಲ್ಲೆ’ಯೇ ಮಾಡುತ್ತದೆ, ಗ್ರಾಂಥಿಕ ತಮಿಳಿನಲ್ಲಿ ‘ಅಲ್ಲ’ ಉಳಿದಿದೆ. ಇದು ಹೆಚ್ಚು ಕಡಿಮೆಯ ಮಾತಲ್ಲ. ಎರಡೂ ನುಡಿಗಳನ್ನು ದಿನವೂ ಆಡುವ ನಮ್ಮ ಕಿವಿಗೆ ಇಂಥ ಭೇದ ಬಲುಬೇಗ ಕೇಳಿಸಬೇಕು. ಕೇಳಿಸಿಯೂ ನಾವು ಸುಮ್ಮನಿರುತ್ತೇವೆ ಎಂಬುದೇ ನನ್ನ ದೂರು.

ಉತ್ತರ ಕೊಡುವ ಬಗೆಯಲ್ಲೂ ಒಂದು ಅಪಾಯವಿದೆ. ಇದನ್ನು ನಮ್ಮ ಮಕ್ಕಳಿಗೆ ಕೋಷ್ಟಕಕ್ಕಿಂತ ಮೊದಲು ಕಲಿಸಬೇಕು. ‘ನೀನು ಅವನನ್ನು ನೋಡಲಿಲ್ಲ, ಅಲ್ಲವೆ?’ ಎಂದು ಕೇಳಿದರೆ, ನೋಡದ ಕನ್ನಡಿಗ ‘ಹೌದು’ ಎನ್ನುತ್ತಾನೆ. ನೀವು ಹೇಳಿದ್ದು ಸರಿ, ನಾನು ನೋಡಲಿಲ್ಲ ಎಂದು ಅದರ ಅರ್ಥ. ತಮಿಳಿನಲ್ಲೂ ಹೀಗೆಯೇ ‘ಆಮಾ’ ಎನ್ನುತ್ತಾರೆ. ಇಂಗ್ಲಿಷಿನವನಾದರೋ ‘ನೋ’ ಎನ್ನಬೇಕು. ‘ಎಸ್’ ಎಂದರೆ ನೋಡಿದೆ ಎಂದಾಗುತ್ತದೆ. ನಮ್ಮ ನುಡಿಗಳು ಕೇಳಿದವನ ಮಾತಿಗೆ ಉತ್ತರ ಕೊಡುತ್ತವೆ, ಇಂಗ್ಲಿಷ್ ನಡೆದ ಸಂಗತಿಗೆ ಉತ್ತರ ಕೊಡುತ್ತದೆ. ದಿಂಬಂ ಘಟ್ಟದ 27 ತಿರುವುಗಳನ್ನಿಳಿದು ನ್ಯಾಯಾಲಯದ ಕಟಕಟೆಯಲ್ಲಿ ನಿಂತವನ ಮಾತು ಕನ್ನಡದಿಂದ ತಮಿಳಿಗೆ, ತಮಿಳಿನಿಂದ ಇಂಗ್ಲಿಷಿಗೆ ದಾಟಬೇಕಾದಾಗ, ಮೊದಲ ದಾಟುವಿಕೆಯಲ್ಲಿ ಅವನ ‘ಹೌದು’ ಸುರಕ್ಷಿತ. ಎರಡನೆಯದರಲ್ಲಿ ಅದು ತಲೆಕೆಳಗಾಗಬಹುದು. ಬರೆದುಕೊಳ್ಳುವವರು ಎಚ್ಚರವಾಗಿರದಿದ್ದರೆ ನೋಡದವನು ನೋಡಿದವನಾಗುತ್ತಾನೆ. ಉದ್ಯೋಗದ ಸಂದರ್ಶನದಲ್ಲಿಯೂ ಇದೇ ಕಥೆ. ‘ಯು ಡೋಂಟ್ ಹ್ಯಾವ್ ಎಕ್ಸ್‌ಪೀರಿಯೆನ್ಸ್, ಡು ಯು?’ ಎಂದು ಕೇಳಿದಾಗ ‘ಎಸ್ ಸರ್’ ಎಂದು ಬಂದವನನ್ನು ಸುಳ್ಳನೆಂದು ತಿಳಿದವರಿದ್ದಾರೆ.

ನ್ಯಾಯಾಲಯದ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಬಾಲಪ್ರಶ್ನೆಯ ಬಲವನ್ನು ನಮ್ಮ ಭಾಷಾಶಿಕ್ಷಕರಿಗಿಂತ ಚೆನ್ನಾಗಿ ಕಾನೂನು ಬಲ್ಲದು. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 141ನೆಯ ಪ್ರಕರಣದಲ್ಲಿ ಸೂಚಕ ಪ್ರಶ್ನೆಯ ವ್ಯಾಖ್ಯೆಯಿತ್ತು: ಕೇಳುವವನು ಬಯಸುವ ಅಥವಾ ನಿರೀಕ್ಷಿಸುವ ಉತ್ತರವನ್ನು ತಾನೇ ಸೂಚಿಸುವ ಪ್ರಶ್ನೆ. ತನ್ನ ಪರವಾದ ಸಾಕ್ಷಿಯನ್ನು ಮೊದಲು ವಿಚಾರಿಸುವಾಗ, ಎದುರು ಪಕ್ಷ ಆಕ್ಷೇಪಿಸಿದರೆ, ನ್ಯಾಯಾಲಯದ ಅನುಮತಿಯಿಲ್ಲದೆ ಇಂಥ ಪ್ರಶ್ನೆ ಕೇಳಕೂಡದು. ಪಾಟೀಸವಾಲಿನಲ್ಲಿ ಕೇಳಬಹುದು. ಪೀಠಿಕೆಯ ಸಂಗತಿಗಳಿಗೂ ವಿವಾದವಿಲ್ಲದ ಸಂಗತಿಗಳಿಗೂ ನ್ಯಾಯಾಲಯ ಅನುಮತಿ ಕೊಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಕೂಡ ಇದೇ ನಿಯಮವನ್ನು 146ನೆಯ ಪ್ರಕರಣದಲ್ಲಿ ಉಳಿಸಿಕೊಂಡಿದೆ. ‘ನಿಮ್ಮ ಊರು ತಾಳವಾಡಿ, ಅಲ್ಲವೆ?’ ಎಂದು ಕೇಳಿದರೆ ಯಾರಿಗೂ ನಷ್ಟವಿಲ್ಲ. ‘ಹೊಡೆದವನು ಇವನೇ, ಅಲ್ಲವೆ?’ ಎಂದು ಕೇಳಿದರೆ ಉತ್ತರವನ್ನು ಸಾಕ್ಷಿಯ ಬಾಯಿಗೆ ತುರುಕಿದಂತೆ. ವಿವಾದವಿರುವಲ್ಲಿ ಬಾಲ ಬೇಡವೆಂಬ ಈ ವಿವೇಕವನ್ನು ನ್ಯಾಯಾಲಯದ ಹೊರಗೆ ನಾವೇಕೆ ಪಾಲಿಸುವುದಿಲ್ಲ?

ಪಂಡಿತರಲ್ಲೂ ಈ ಕುರಿತು ಜಗಳವಾಗಿದೆ. 1970ರ ದಶಕದಲ್ಲಿ ಅಮೆರಿಕದ ಭಾಷಾವಿಜ್ಞಾನಿ ರಾಬಿನ್ ಲೇಕಾಫ್, ಬಾಲಪ್ರಶ್ನೆ ಅಳುಕಿನ ಗುರುತು, ತಮ್ಮ ಮಾತನ್ನು ಗಟ್ಟಿಯಾಗಿ ಹೇಳಲು ಬಿಡದೆ ಬೆಳೆಸಿದ ಹೆಂಗಸರ ಮಾತಿನ ಲಕ್ಷಣ ಎಂಬರ್ಥದ ವಾದ ಮಂಡಿಸಿದರು. ಮುಂದಿನ ದಶಕದಲ್ಲಿ ಡೆಬೊರಾ ಕ್ಯಾಮರೂನ್ ಮೊದಲಾದವರು ನಿಜವಾದ ಸಂಭಾಷಣೆಗಳನ್ನು ಎಣಿಸಿ ನೋಡಿದಾಗ, ಮಾತುಕತೆಯ ಹಿಡಿತ ಯಾರ ಕೈಯಲ್ಲಿದೆಯೋ ಅವರು ಕೂಡ, ಕೆಲವೆಡೆ ಅವರೇ ಹೆಚ್ಚಾಗಿ, ಬಾಲಪ್ರಶ್ನೆ ಬಳಸುವುದು ಕಂಡುಬಂತು. ಇದನ್ನು ತಿಳಿಯಲು ನಮಗೆ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಯಾವುದೇ ಕಚೇರಿಯ ಮುಂದಿನ ಸಾಲಿನಲ್ಲಿ ಅರ್ಧ ದಿನ ನಿಂತರೆ ಸಾಕಿತ್ತು. ಒಂದೇ ಬಾಲ ಕಿಟಕಿಯ ಹೊರಗಿನಿಂದ ಬಂದರೆ ಬೇಡಿಕೆ, ಒಳಗಿನಿಂದ ಬಂದರೆ ತೀರ್ಪು. ಆದ್ದರಿಂದ ಬಾಲಪ್ರಶ್ನೆಯ ಅರ್ಥವನ್ನು ವ್ಯಾಕರಣದಲ್ಲಿ ಹುಡುಕಬಾರದು. ಕೇಳಿಸಿಕೊಂಡವನು ‘ಅಲ್ಲ’ ಎಂದರೆ ಅವನಿಗೆ ಏನಾಗುತ್ತದೆ ಎಂಬಲ್ಲಿ ಹುಡುಕಬೇಕು.

ಈಗ ನಮ್ಮ ಬೆಟ್ಟಕ್ಕೆ ಬರೋಣ. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು; ಅದರ ಮಗ್ಗುಲಿನ ತಾಳವಾಡಿ ಪ್ರದೇಶ ಮದರಾಸು ರಾಜ್ಯದಲ್ಲಿ ಉಳಿಯಿತು. 1979ರಲ್ಲಿ ಕೊಯಮತ್ತೂರನ್ನು ಒಡೆದು ರಚಿಸಿದ ಪೆರಿಯಾರ್ ಜಿಲ್ಲೆಯೇ ಇಂದಿನ ಈರೋಡು. 2016ರಲ್ಲಿ ಸತ್ಯಮಂಗಲದಿಂದ ಬೇರ್ಪಟ್ಟು ತಾಳವಾಡಿಯೇ ಒಂದು ತಾಲ್ಲೂಕಾಯಿತು. ಇಷ್ಟು ಸಲ ಗಡಿ, ಜಿಲ್ಲೆ, ತಾಲ್ಲೂಕು ಬದಲಾದರೂ ಮನೆಯೊಳಗಿನ ನುಡಿ ಬದಲಾಗಲಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷ್. ಕಾಡಂಚಿನ ಹಾಡಿಗಳಲ್ಲಿ ಸೋಲಿಗರ ನುಡಿ. ಮದುವೆಗೆ ಚಾಮರಾಜನಗರ, ಪಟ್ಟೆಪತ್ರಕ್ಕೆ ಘಟ್ಟದ ಕೆಳಗಿನ ಊರು. ಇಂಥ ಬಾಳಿಗೆ ಹೊರಗಿನವರು ಕೇಳುವ ಪ್ರಶ್ನೆಗಳಿಗೆಲ್ಲ ಬಾಲವಿರುತ್ತದೆ.

ಎಲ್ಲ ಬಾಲವೂ ಕೆಟ್ಟದ್ದಲ್ಲ. ಮೈಸೂರಿನ ಬಸ್ಸಿನಲ್ಲಿ ಪಕ್ಕದವರಿಗೆ ತಾಳವಾಡಿ ಎಂದರೆ ಸಾಕು, ‘ಓಹೋ, ರಾಜ್‌ಕುಮಾರ್ ಊರಿನ ಕಡೆಯವರು, ಅಲ್ಲವೆ?’ ಎನ್ನುತ್ತಾರೆ. ದೊಡ್ಡಗಾಜನೂರು ನಮ್ಮ ತಾಲ್ಲೂಕಿನದು ಎಂಬುದು ಅವರಿಗೂ ಗೊತ್ತು, ನಮಗೂ ಗೊತ್ತು. 2000ದ ಜುಲೈ 30ರ ರಾತ್ರಿ ಅಲ್ಲಿಂದ ವೀರಪ್ಪನ್ ಅವರನ್ನು ಒಯ್ದದ್ದೂ 108 ದಿನಗಳ ಅನಂತರ ಅವರು ಬಿಡುಗಡೆಯಾದದ್ದೂ ಇಬ್ಬರಿಗೂ ಗೊತ್ತು. ಅಲ್ಲಿ ಬಾಲವೆಂದರೆ ಕುಳಿತುಕೊಳ್ಳಿ ಎಂದು ಜಾಗ ಬಿಟ್ಟುಕೊಟ್ಟಂತೆ. ಇಂಗ್ಲಿಷರು ಹವೆಯ ಕುರಿತು ‘ಲವ್ಲಿ ಡೇ, ಇಸಂಟ್ ಇಟ್?’ ಎನ್ನುವುದೂ ಇದೇ ಬಗೆ. ಇದಕ್ಕೆ ನನ್ನ ತಕರಾರಿಲ್ಲ.

ತಕರಾರು ಇರುವುದು ಬೇರೆ ಎರಡು ಬಾಲಗಳ ಬಗ್ಗೆ. ಒಂದು ಘಟ್ಟದ ಕೆಳಗಿನಿಂದ ಬರುತ್ತದೆ: ‘ತಮಿಳುನಾಡಿನಲ್ಲೇ ಹುಟ್ಟಿದ್ದೀರಿ, ತಮಿಳು ಚೆನ್ನಾಗಿ ಬರುತ್ತದೆ ತಾನೆ? ಮತ್ತೆ ಕನ್ನಡದ ಅರ್ಜಿ ಯಾಕೆ?’ ತಮಿಳು ಬರುತ್ತದೆಂದು ಒಪ್ಪಿದ ಕೂಡಲೇ ಕನ್ನಡ ಬೇಡವೆಂದು ಒಪ್ಪಿದಂತೆ ಲೆಕ್ಕ. ನಮಗೆ ತಮಿಳು ಬರುತ್ತದೆ; ಆ ನುಡಿಯ ಮೇಲೆ ನಮಗೆ ಮುನಿಸಿಲ್ಲ; ಅದರ ಸಾಹಿತ್ಯವನ್ನು ಓದಿ ಸುಖಪಟ್ಟವರು ನಮ್ಮಲ್ಲಿದ್ದಾರೆ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ನಮ್ಮ ಮಕ್ಕಳು ಶಾಲೆಯಲ್ಲೂ ಅದನ್ನು ಕಲಿಯುತ್ತಿದ್ದಾರೆ. ಆದರೆ ಒಂದು ನುಡಿ ಬರುತ್ತದೆ ಎಂಬುದರಿಂದ ಇನ್ನೊಂದು ಬೇಡ ಎಂಬುದು ಹುಟ್ಟುವುದಿಲ್ಲ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯಿನುಡಿಯಲ್ಲಿ ಶಿಕ್ಷಣದ ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ವಿಧಿಯಲ್ಲಿ ‘ಬೇರೆ ನುಡಿ ಬಾರದಿದ್ದರೆ ಮಾತ್ರ’ ಎಂಬ ಬಾಲವಿಲ್ಲ.

ಇನ್ನೊಂದು ಬಾಲ ಗಡಿಯ ಆಚೆಯಿಂದ, ನಮ್ಮವರಿಂದಲೇ ಬರುತ್ತದೆ. ಇದನ್ನು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ, ಏಕೆಂದರೆ ಹಾಗೆ ಕೇಳುವವರು ನಮಗೆ ಪ್ರೀತಿಯಿಂದ ಶಾಲು ಹೊದಿಸಿದವರು. ವೇದಿಕೆಯ ಮೇಲೆ ನಿಂತು, ‘ನೀವು ಮನಸ್ಸಿನಲ್ಲಿ ಕರ್ನಾಟಕದವರೇ, ಅಲ್ಲವೆ? ತಮಿಳರ ನಡುವೆ ನರಳುತ್ತಿದ್ದೀರಿ, ಅಲ್ಲವೆ?’ ಎಂದು ಅವರು ಗುಡುಗುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ಆ ಚಪ್ಪಾಳೆಯಲ್ಲಿ ಎಷ್ಟು ‘ಹೌದು’ಗಳಿದ್ದವು, ಎಷ್ಟು ಅತಿಥಿಮರ್ಯಾದೆ ಇತ್ತು ಎಂದು ಯಾರೂ ಕೇಳುವುದಿಲ್ಲ. ಸಭೆ ಮುಗಿದ ಮೇಲೆ ಅವರು ಕಾರು ಹತ್ತುತ್ತಾರೆ. ಮರುದಿನ ಬೆಳಿಗ್ಗೆ ನಾವು ಅದೇ ತಮಿಳು ಅಧಿಕಾರಿಯ ಮುಂದೆ, ಅದೇ ತಮಿಳು ವ್ಯಾಪಾರಿಯ ಅಂಗಡಿಯಲ್ಲಿ, ಅದೇ ತಮಿಳು ನೆರೆಯವನ ಜೊತೆ ಬಾಳಬೇಕು. ನಾವು ಕನ್ನಡಿಗರು. ನಾವು ತಮಿಳುನಾಡಿನ ಪ್ರಜೆಗಳು. ಈ ಎರಡು ವಾಕ್ಯಗಳಿಗೂ ಪೂರ್ಣವಿರಾಮವಿದೆ. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟುವ ಅಧಿಕಾರವನ್ನು ನಾವು ಯಾರಿಗೂ ಕೊಟ್ಟಿಲ್ಲ.

ಇದೆಲ್ಲ ಮಾತಿನ ಕೂದಲು ಸೀಳುವ ಕೆಲಸ, ಅಧಿಕಾರಿ ಸೌಜನ್ಯಕ್ಕೆ ಹಾಗೆಂದ, ಭಾಷಣಕಾರ ಆವೇಶಕ್ಕೆ ಹಾಗೆಂದ ಎಂದು ಸಮಾಧಾನ ಹೇಳುವ ಹಿರಿಯರು ನಮ್ಮ ಸಂಘದಲ್ಲೇ ಇದ್ದಾರೆ. ಅವರಿಗೆ ಗೌರವದಿಂದ ಒಂದು ಉದಾಹರಣೆ ಕೊಡುತ್ತೇನೆ. 2011ರ ಅನಂತರ ನಡೆಯದೇ ಉಳಿದಿದ್ದ ಜನಗಣತಿಗೆ ಈಗ 2027ರ ಮಾರ್ಚ್ 1 ಎಂಬ ದಿನಾಂಕ ಗೊತ್ತಾಗಿದೆ. ಜನಗಣತಿಯಲ್ಲಿ ತಾಯಿನುಡಿ ಯಾವುದು ಎಂಬ ಪ್ರಶ್ನೆಯುಂಟು, ಬಲ್ಲ ಇತರ ನುಡಿಗಳು ಯಾವುವು ಎಂಬ ಪ್ರಶ್ನೆ ಬೇರೆಯೇ ಉಂಟು. ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ನುಡಿಯೇ ತಾಯಿನುಡಿ ಎಂದು ಹಿಂದಿನ ಗಣತಿಗಳ ಕೈಪಿಡಿಗಳು ವ್ಯಾಖ್ಯಾನಿಸಿವೆ. ಹೇಳಿದವರು ಯಾವ ನುಡಿಯನ್ನು ಹೇಳಿದರೋ ಅದನ್ನೇ ಬರೆಯಬೇಕು, ವಾದಕ್ಕಿಳಿಯಬಾರದು ಎಂದೂ ಗಣತಿದಾರರಿಗೆ ಸೂಚಿಸಿವೆ. ನಿಯಮ ಇಷ್ಟು ಸ್ಪಷ್ಟ. ಈಗ ಸಂಜೆಯ ಹೊತ್ತು, ಹತ್ತಾರು ಮನೆ ಸುತ್ತಿ ಬಳಲಿದ ಗಣತಿದಾರರೊಬ್ಬರು ಹೊಸ್ತಿಲಲ್ಲಿ ನಿಂತು, ಮನೆಯವರು ತಮಿಳಿನಲ್ಲಿ ಮಾತನಾಡಿಸಿದ್ದನ್ನು ಕೇಳಿ, ‘ತಾಯ್ಮೊಳಿ ತಮಿಳ್ ತಾನೇ?’ ಎಂದು ಕೇಳಿದರೆನ್ನಿ. ಅವರಲ್ಲಿ ಕೆಟ್ಟ ಉದ್ದೇಶವಿಲ್ಲ. ಕೆಲಸ ಬೇಗ ಮುಗಿಯಲಿ ಎಂಬುದಷ್ಟೇ. ನಮ್ಮ ಅಜ್ಜಿ ಏನು ಮಾಡುತ್ತಾಳೆ? ಬಂದವರ ಮಾತನ್ನು ಮುರಿಯಬಾರದೆಂದು ತಲೆಯಾಡಿಸುತ್ತಾಳೆ. ಬೇಕಾದರೆ ಮಜ್ಜಿಗೆಯನ್ನೂ ಕೊಡುತ್ತಾಳೆ. ಅಲ್ಲಿಗೆ ಒಂದು ಮನೆಯ ಕನ್ನಡ ಅಳಿಸಿತು.

ಅಳಿಸಿದರೆ ಏನು ನಷ್ಟ? ಒಂದು ಜಿಲ್ಲೆ, ತಾಲ್ಲೂಕಿನಂಥ ಘಟಕದಲ್ಲಿ ಜನಸಂಖ್ಯೆಯ ಶೇಕಡ 15ಕ್ಕೆ ಕಡಿಮೆಯಿಲ್ಲದ ಜನ ಆಡುವ ಅಲ್ಪಸಂಖ್ಯಾತ ನುಡಿಗೆ ಮುಖ್ಯ ನಿಯಮಗಳನ್ನೂ ಪ್ರಕಟಣೆಗಳನ್ನೂ ಅನುವಾದಿಸಿ ಪ್ರಕಟಿಸಬೇಕೆಂಬುದು ಭಾಷಾ ಅಲ್ಪಸಂಖ್ಯಾತರಿಗೆ ರಾಷ್ಟ್ರಮಟ್ಟದಲ್ಲಿ ಒಪ್ಪಿಕೊಂಡ ರಕ್ಷಣೆಗಳಲ್ಲೊಂದು. ಶೇಕಡವನ್ನು ಲೆಕ್ಕ ಹಾಕುವುದು ಗಣತಿಯ ಅಂಕಿಯಿಂದಲೇ ಹೊರತು ನಮ್ಮ ಸಾಹಿತ್ಯ ಸಮ್ಮೇಳನದ ಚಪ್ಪಾಳೆಯಿಂದಲ್ಲ. ಶಾಲೆಗೆ ಕನ್ನಡ ಶಿಕ್ಷಕರು ಬೇಕೆಂದು ಬರೆಯುವ ಪ್ರತಿಯೊಂದು ಅರ್ಜಿಗೂ ನಾವು ಇಷ್ಟು ಜನ ಇದ್ದೇವೆ ಎಂಬ ಅಂಕಿ ಬೇಕು. ಅದನ್ನು ಅಜ್ಜಿಯ ತಲೆಯಾಟಕ್ಕೆ ಒಪ್ಪಿಸಿಬಿಟ್ಟು ಅನಂತರ ಸರ್ಕಾರವನ್ನು ಬೈದರೆ ಯಾರು ಕೇಳುತ್ತಾರೆ?

ಆಗ ಅಜ್ಜಿ ಕೊಡಬೇಕಾದ ಉತ್ತರ ಜಗಳದ್ದೇನಲ್ಲ. ‘ನನ್ನವ್ವ ಆಡಿದ್ದು ಕನ್ನಡ. ತಮಿಳೂ ಬರುತ್ತೆ. ಎರಡನ್ನೂ ಬರಕಳಿ ಸಾಮಿ.’ ಎರಡು ಕಲಂಗಳಿಗೆ ಎರಡು ಉತ್ತರ. ಬಾಲಪ್ರಶ್ನೆಗೆ ‘ಹೌದು’, ‘ಅಲ್ಲ’ಗಳಲ್ಲಿ ಉತ್ತರಿಸದೆ ಪೂರ್ಣ ವಾಕ್ಯದಲ್ಲಿ ಉತ್ತರಿಸಿದರೆ ಅದರ ಬಲ ಅರ್ಧ ಕುಗ್ಗುತ್ತದೆ. ವಕೀಲರು ತಮ್ಮ ಸಾಕ್ಷಿಗೆ ಹೇಳಿಕೊಡುವ ಉಪಾಯವೂ ಇದೇ. ನಾನು ನನ್ನ ತರಗತಿಯಲ್ಲಿ ಕೋಷ್ಟಕದ ಜೊತೆ ಇದನ್ನೂ ಕಲಿಸಿದ್ದರೆ, ಆ ಹುಡುಗ ವೇದಿಕೆಯಲ್ಲಿ ತಲೆಯಾಡಿಸುತ್ತಿರಲಿಲ್ಲವೇನೋ.

ಸೋಲಿಗರ ಹಾಡಿಗಳಲ್ಲಿ ಇದು ಇನ್ನೂ ಗಂಭೀರ. 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಭೂಮಿಯ ಹಕ್ಕಿನ ಅರ್ಜಿಯನ್ನು ಮೊದಲು ಪರಿಶೀಲಿಸಿ ನಿರ್ಣಯ ಮಾಡಬೇಕಾದದ್ದು ಗ್ರಾಮಸಭೆ. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಮೇಲೆ ಅಂಥ ನಿರ್ಣಯದ ಪ್ರತಿಯೊಂದು ಸಾಲಿಗೂ ತೂಕ ಹೆಚ್ಚಿದೆ. ಸಭೆ ಎಲ್ಲಿಯದೇ ಇರಲಿ, ‘ಎಲ್ಲರಿಗೂ ಒಪ್ಪಿಗೆ ತಾನೆ?’ ಎಂದು ಮೇಜಿನ ಕಡೆಯಿಂದ ಕೇಳಿ, ಯಾರೂ ಮಾತಾಡದಿದ್ದಾಗ ‘ಸರ್ವಾನುಮತದಿಂದ’ ಎಂದು ಬರೆದುಬಿಟ್ಟರೆ, ಆ ಪುಸ್ತಕದಲ್ಲಿ ರಾಗವೂ ಉಳಿಯುವುದಿಲ್ಲ, ಬಾಲವೂ ಉಳಿಯುವುದಿಲ್ಲ. ಮೌನ ಮಾತ್ರ ಒಪ್ಪಿಗೆಯಾಗಿ ಉಳಿಯುತ್ತದೆ.

ಪರರನ್ನು ಇಷ್ಟು ಅಂದ ಮೇಲೆ ಮನೆಯೊಳಗಿನ ಮಾತನ್ನು ಬಿಡಲಾಗದು. ನಮ್ಮ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಓದಿ ‘ಎಲ್ಲ ಸರಿಯಾಗಿದೆ, ಅಲ್ಲವೆ?’ ಎನ್ನುತ್ತೇವೆ, ಊಟದ ಹೊತ್ತಾಗಿರುತ್ತದೆ, ಅಂಗೀಕಾರವಾಗುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತ ಹೆಣ್ಣುಮಕ್ಕಳ ಕಡೆ ತಿರುಗಿ ‘ನಿಮ್ಮದೇನೂ ಇಲ್ಲ ತಾನೆ?’ ಎಂದು ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ; ಒಂದು ವರ್ಷ ಹಾಗೆ ಕೇಳಿದವನೂ ನಾನೇ. ಅವರದು ಇತ್ತು. ಸಭೆ ಮುಗಿದ ಮೇಲೆ ಕೈತೊಳೆಯುವ ನಲ್ಲಿಯ ಬಳಿ ಒಬ್ಬ ತಾಯಿ ಹೇಳಿದರು: ಮಕ್ಕಳ ಕನ್ನಡ ತರಗತಿಯನ್ನು ಭಾನುವಾರ ಬೆಳಿಗ್ಗೆ ಇಟ್ಟರೆ ಸಂತೆಗೂ ಕೂಲಿಗೂ ಹೋಗುವ ಮನೆಯ ಮಕ್ಕಳು ಬರಲಾಗದು, ಸಂಜೆಗೆ ಬದಲಿಸಿ ಎಂದು. ಮೂರು ವರ್ಷದಿಂದ ಆ ತರಗತಿಗೆ ಮಕ್ಕಳು ಕಡಿಮೆಯಾಗುತ್ತಿರುವುದಕ್ಕೆ ನಾವು ಟಿವಿಯನ್ನೂ ಇಂಗ್ಲಿಷನ್ನೂ ಬೈಯುತ್ತಿದ್ದೆವು.

ಈ ವರ್ಷದ ಮಹಾಸಭೆಯ ಕಾರ್ಯಸೂಚಿಯಲ್ಲಿ ತರಗತಿಯ ವೇಳೆಯ ವಿಷಯವನ್ನು ಸೇರಿಸಬೇಕೆಂದು ನಾನು ಲಿಖಿತವಾಗಿ ಕೋರಿದ್ದೇನೆ. ಜೊತೆಗೆ ಒಂದು ತಿದ್ದುಪಡಿಯನ್ನೂ ಕೊಟ್ಟಿದ್ದೇನೆ: ಅಧ್ಯಕ್ಷರು ಪ್ರತಿಯೊಂದು ವಿಷಯಕ್ಕೂ ಒಪ್ಪುವವರು ಕೈ ಎತ್ತಬೇಕೆಂದೂ, ಅನಂತರ ಒಪ್ಪದವರು ಕೈ ಎತ್ತಬೇಕೆಂದೂ ಎರಡು ಸಲ ಕೇಳಬೇಕು, ಎರಡು ಸಲವೂ ಎಣಿಸಿ ಬರೆಯಬೇಕು. ಕಾರ್ಯದರ್ಶಿಗಳು ಅದನ್ನು ಓದಿ, ‘ಇಷ್ಟೆಲ್ಲ ಬೇಕಾ ಮೇಷ್ಟ್ರೇ, ನಾವೆಲ್ಲ ಒಂದೇ ಮನೆಯವರು ತಾನೆ?’ ಎಂದರು. ಅಲ್ಲ ಎಂದು ಹೇಳಿ ಬಂದಿದ್ದೇನೆ.